ಗುಂಡಿ ಒತ್ತುವ ಕೆಲಸವೆಂಬ ಸುಳ್ಳು

ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಚಿತ್ರಗಳನ್ನು ಓದಿ ವರದಿ ಬರೆಯುವವರು ರೇಡಿಯಾಲಜಿಸ್ಟ್, ಎಂದರೆ ವೈದ್ಯರು. ಆ ಚಿತ್ರಗಳನ್ನು ತೆಗೆಯುವವರು ರೇಡಿಯಾಲಜಿ ಟೆಕ್ನಾಲಜಿಸ್ಟ್. ಆಸ್ಪತ್ರೆಯ ಮಾತಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್, ರೋಗಿಗಳ ಬಾಯಲ್ಲಿ ಬರೀ ಎಕ್ಸ್‌ರೇ ತೆಗೆಯೋರು. ಕರ್ನಾಟಕದಲ್ಲಿ ಈ ಕೆಲಸ ಕಲಿಯಲು ಅಧಿಕೃತವಾದ ದಾರಿಗಳು ಎರಡು. ಒಂದು, ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ. ಇನ್ನೊಂದು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳು, ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳು, ಬೆಂಗಳೂರಿನ ನಿಮ್ಹಾನ್ಸ್ ಮುಂತಾದವು ನಡೆಸುವ ಬಿ.ಎಸ್ಸಿ. ಪದವಿ. ಓದು ಮುಗಿದ ಮೇಲೆ ಇಂಟರ್ನ್‌ಶಿಪ್ ಇರುತ್ತದೆ. ಇವೆರಡರ ಮಗ್ಗುಲಲ್ಲೇ ಮೂರನೆಯ ಒಳದಾರಿಯೊಂದಿದೆ. ನರ್ಸಿಂಗ್ ಹೋಮಿಗೆ ಕಾಂಪೌಂಡರ್ ಕೆಲಸಕ್ಕೋ ರಿಸೆಪ್ಶನ್ನಿಗೋ ಸೇರಿದ ಹುಡುಗ, ಇದ್ದ ಟೆಕ್ನಿಷಿಯನ್ ರಜೆ ಹಾಕಿದ ದಿನ ಎಕ್ಸ್‌ರೇ ಕೊಠಡಿಗೆ ಹೋಗುತ್ತಾನೆ. ಕೆಲವು ತಿಂಗಳಲ್ಲಿ ಅವನೇ ಟೆಕ್ನಿಷಿಯನ್ ಆಗುತ್ತಾನೆ. ಬೇಕಾದರೆ ಆರು ತಿಂಗಳ ಸರ್ಟಿಫಿಕೇಟೊಂದು ಆಮೇಲೆ ಬಂದು ಗೋಡೆಗೆ ತೂಗುತ್ತದೆ.

ಈ ಒಳದಾರಿ ಮುಚ್ಚದೆ ಉಳಿದಿರುವುದು ಒಂದು ನಂಬಿಕೆಯ ಬಲದಿಂದ. ಗುಂಡಿ ಒತ್ತುವುದಕ್ಕೆ ಮೂರು ವರ್ಷ ಓದುವುದೇನಿದೆ ಎಂಬುದು ಆ ನಂಬಿಕೆ. ಅದನ್ನು ಹೇಳುವವರು ದಡ್ಡರಲ್ಲ. ಯಂತ್ರಗಳೆಲ್ಲ ಡಿಜಿಟಲ್ ಆಗಿವೆ, ಲೆಕ್ಕಾಚಾರವನ್ನು ಅವೇ ಮಾಡುತ್ತವೆ ಎನ್ನುತ್ತಾರೆ. ಚಿತ್ರ ಹೇಗೇ ಬರಲಿ, ಓದುವವರು ವೈದ್ಯರಲ್ಲವೇ ಎನ್ನುತ್ತಾರೆ. ಕೈಕೆಲಸ ಪುಸ್ತಕದಿಂದ ಬರುವುದಿಲ್ಲ, ನೋಡಿ ಮಾಡಿದರೆ ಬರುತ್ತದೆ ಎನ್ನುತ್ತಾರೆ. ತಾಲ್ಲೂಕು ಕೇಂದ್ರಗಳಲ್ಲಿ ಪದವೀಧರರು ಸಿಗದಿರುವಾಗ ಅರ್ಧ ಕಲಿತವರಾದರೂ ಇರಲಿ ಎನ್ನುತ್ತಾರೆ. ಈಚೆಗೆ ಕೃತಕ ಬುದ್ಧಿಮತ್ತೆಯ ಹೆಸರೂ ಈ ಪಟ್ಟಿಗೆ ಸೇರಿದೆ. ಈ ವಾದಗಳಲ್ಲಿ ಕೆಲವಕ್ಕೆ ಅರ್ಧ ಸತ್ಯದ ಆಸರೆಯಿದೆ. ಮೊದಲನೆಯದಂತೂ ಪೂರ್ತಿ ತಲೆಕೆಳಗಾದದ್ದು: ಯಂತ್ರ ಜಾಣವಾದಷ್ಟೂ ಅದನ್ನು ನಡೆಸುವವರ ತಪ್ಪು ಕಣ್ಣಿಗೆ ಬೀಳದೆ ಹೋಗುತ್ತದೆ, ಆದ್ದರಿಂದ ತರಬೇತಿ ಹೆಚ್ಚು ಬೇಕಾಗುತ್ತದೆ.

ಗುಂಡಿಗೆ ಮುಂಚೆ ಏನು ನಡೆಯುತ್ತದೆ ಎಂಬುದನ್ನು ನೋಡದೆ ಈ ಚರ್ಚೆ ಮುಂದೆ ಹೋಗದು. ಇಡೀ ವಿಭಾಗದಲ್ಲಿ ಅತಿ ಸುಲಭವೆಂದು ಹೆಸರಾದ ಎದೆಯ ಎಕ್ಸ್‌ರೇಯನ್ನೇ ತೆಗೆದುಕೊಳ್ಳಬಹುದು. ರೋಗಿ ಎದೆಯನ್ನು ಪ್ಲೇಟಿಗೆ ಒತ್ತಿ ನಿಲ್ಲಬೇಕು, ಕಿರಣ ಬೆನ್ನಿನಿಂದ ಬರಬೇಕು, ಟ್ಯೂಬು ಸುಮಾರು 180 ಸೆಂಟಿಮೀಟರ್ ದೂರದಲ್ಲಿರಬೇಕು. ಹೃದಯವಿರುವುದು ಎದೆಯ ಮುಂಭಾಗದಲ್ಲಿ. ಅದು ಪ್ಲೇಟಿಗೆ ಹತ್ತಿರವಿದ್ದು ಟ್ಯೂಬು ದೂರವಿದ್ದರೆ ನೆರಳು ನಿಜವಾದ ಅಳತೆಯ ಹತ್ತಿರ ಇರುತ್ತದೆ. ಎದ್ದು ನಿಲ್ಲಲಾರದ ರೋಗಿಗೆ ಹಾಸಿಗೆಯಲ್ಲೇ ಮುಂದಿನಿಂದ, ಕಡಿಮೆ ದೂರದಿಂದ ತೆಗೆದರೆ ಅದೇ ಹೃದಯ ದೊಡ್ಡದಾಗಿ ಕಾಣುತ್ತದೆ. ಹೀಗೆ ತೆಗೆದದ್ದೆಂದು ಚಿತ್ರದ ಮೇಲೆ ಗುರುತು ಹಾಕದಿದ್ದರೆ, ಇಲ್ಲದ ಹೃದಯದ ಊತಕ್ಕೆ ಚಿಕಿತ್ಸೆ ಶುರುವಾದೀತು. ಭುಜಗಳನ್ನು ಮುಂದಕ್ಕೆ ತಂದು ಬೆನ್ನಿನ ಹಲಗೆ ಮೂಳೆಗಳನ್ನು ಶ್ವಾಸಕೋಶದ ಮೇಲಿಂದ ಸರಿಸಬೇಕು. ಮೈ ಒಂದಿಷ್ಟು ತಿರುಗಿದರೂ ಒಂದು ಕಡೆಯ ಶ್ವಾಸಕೋಶ ಕಪ್ಪಾಗಿ, ಇನ್ನೊಂದು ಬೆಳ್ಳಗಾಗಿ ಕಂಡು ರೋಗವಿದ್ದಂತೆ ತೋರುತ್ತದೆ. ತಿರುಗಿದೆಯೋ ಇಲ್ಲವೋ ಎಂದು ತಿಳಿಯಲು ಕೊರಳ ಮೂಳೆಗಳ ಒಳತುದಿಗಳು ಬೆನ್ನುಮೂಳೆಯ ಮುಳ್ಳಿನಿಂದ ಸಮದೂರದಲ್ಲಿವೆಯೇ ಎಂದು ನೋಡಬೇಕು. ಅದನ್ನು ನೋಡಲು ಆ ಮೂಳೆಗಳು ಯಾವುವೆಂದಾದರೂ ಗೊತ್ತಿರಬೇಕಲ್ಲ.

ಇನ್ನು ಉಸಿರು. ‘ಉಸಿರು ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ’ ಎಂಬ ಮಾತು ಎಲ್ಲ ಎಕ್ಸ್‌ರೇ ಕೊಠಡಿಗಳಲ್ಲೂ ಕೇಳುತ್ತದೆ. ವಯಸ್ಸಾದವರು ಆ ಮಾತಿಗೆ ಭುಜ ಎತ್ತುತ್ತಾರೆ, ಹೊಟ್ಟೆ ಬಿಗಿಯುತ್ತಾರೆ, ಉಸಿರು ಮಾತ್ರ ಎಳೆಯುವುದಿಲ್ಲ. ಉಸಿರು ಪೂರ್ತಿ ತುಂಬದಿದ್ದರೆ ಶ್ವಾಸಕೋಶದ ಬುಡ ಒತ್ತಿಕೊಂಡು ನ್ಯುಮೋನಿಯಾದಂತೆ ಮಬ್ಬಾಗುತ್ತದೆ, ಹೃದಯ ಅಗಲವಾಗುತ್ತದೆ. ಆದ್ದರಿಂದ ಕಲಿತವರು ಒಮ್ಮೆ ಎಳೆದು ಬಿಡಿಸಿ, ಎರಡನೆಯ ಉಸಿರಿಗೆ ಎಕ್ಸ್‌ಪೋಷರ್ ಕೊಡುತ್ತಾರೆ; ಚಿತ್ರ ಬಂದ ಮೇಲೆ ಹಿಂಭಾಗದ ಪಕ್ಕೆಲುಬುಗಳು ಒಂಬತ್ತೋ ಹತ್ತೋ ಕಾಣುತ್ತಿವೆಯೇ ಎಂದು ಎಣಿಸುತ್ತಾರೆ. ಹೆಂಗಸರ ಜಡೆ ಹೆಗಲ ಮೇಲಿಂದ ಇಳಿಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲಿ ಮಚ್ಚೆಯಂಥ ನೆರಳು ಬೀಳುತ್ತದೆ. ಕ್ಷಯ ಮೊದಲು ಹುಡುಕುವ ಜಾಗವೂ ಅದೇ. ತಾಳಿ ತೆಗೆಯಲು ಒಪ್ಪದವರಿಗೆ ಅದನ್ನು ಚಿತ್ರದ ಹೊರಗೆ ಸರಿಸಿ ಹಿಡಿಯುವ ಉಪಾಯ ಹೇಳಬೇಕು. ಸೊಂಟದ ಎಕ್ಸ್‌ರೇಗೆ ಉಡಿದಾರದ ತಾಯತ ಅಡ್ಡ ಬರುತ್ತದೆ, ಅದನ್ನು ಬಿಚ್ಚಿ ಎನ್ನುವ ಮೊದಲು ನಾಲ್ಕು ಒಳ್ಳೆಯ ಮಾತು ಬೇಕು. ಇಷ್ಟೆಲ್ಲ ಆದ ಮೇಲೆ ಒತ್ತುವ ಗುಂಡಿಗೆ ಸೆಕೆಂಡಿನ ಸಣ್ಣದೊಂದು ಪಾಲು ಸಾಕು.

ಇದು ಸುಲಭದ ಪರೀಕ್ಷೆಯ ಕಥೆ. ಕರುಳು ತೂತಾಗಿ ಹೊಟ್ಟೆಯೊಳಗೆ ಗಾಳಿ ಸೇರಿದೆಯೇ ಎಂದು ನೋಡಬೇಕಾದಾಗ, ನೋವಿನಿಂದ ಮುದುಡಿದ ರೋಗಿಯನ್ನು ಕೂರಿಸಿ ಗಾಳಿ ಮೇಲೇರಿ ವಪೆಯ ಕೆಳಗೆ ನಿಲ್ಲುವವರೆಗೆ ಕೆಲವು ನಿಮಿಷ ಕಾಯಬೇಕು. ಕೂರಲಾರದವರನ್ನು ಎಡ ಮಗ್ಗುಲಿಗೆ ಮಲಗಿಸಿ ಕಿರಣವನ್ನು ಅಡ್ಡಲಾಗಿ ಹಾಯಿಸಬೇಕು. ಕಾಯದೆ ತೆಗೆದ ಚಿತ್ರ ಸ್ವಚ್ಛವಾಗಿಯೇ ಬರುತ್ತದೆ. ಗಾಳಿ ಕಾಣುವುದಿಲ್ಲ, ಆಪರೇಷನ್ ತಡವಾಗುತ್ತದೆ. ಬೈಕ್ ಅಪಘಾತದಲ್ಲಿ ಬಿದ್ದವರ ಕತ್ತಿನ ಪಕ್ಕದ ಚಿತ್ರದಲ್ಲಿ ಏಳನೆಯ ಮೂಳೆಯೂ ಅದರ ಕೆಳಗಿನ ಸಂಧಿಯೂ ಕಾಣಲೇಬೇಕು, ಆದರೆ ಭುಜಗಳು ಅದನ್ನು ಮುಚ್ಚುತ್ತವೆ. ಕತ್ತನ್ನು ಒಂದಿಷ್ಟೂ ಅಲುಗಿಸದೆ ಅದನ್ನು ತೋರಿಸುವ ಬಗೆ ಯಾವುದೆಂದು ತಿಳಿಯದವರು, ಐದು ಮೂಳೆ ಕಾಣುವ ಚಿತ್ರ ಕೊಟ್ಟು ಕಳಿಸುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಕತ್ತು ತಿರುಗಿಸಿ ನೋಡುತ್ತಾರೆ.

ಗುಂಡಿಗೆ ಮುಂಚೆ ಕೇಳಲೇಬೇಕಾದ ಪ್ರಶ್ನೆಯೂ ಒಂದಿದೆ. ಮದುವೆಯಾದ ಹೊಸತಿನ ಹೆಣ್ಣುಮಗಳನ್ನು ಅತ್ತೆಯ ಎದುರು ‘ತಿಂಗಳು ನಿಂತಿದೆಯೇ’ ಎಂದು ಕೇಳಿದರೆ ನಿಜವಾದ ಉತ್ತರ ಸಿಗುವುದು ಅನುಮಾನ. ಅವಳನ್ನು ಒಬ್ಬಳೇ ಒಳಗೆ ಕರೆದು, ಕೊನೆಯ ಮುಟ್ಟಿನ ದಿನ ಕೇಳಿ, ಸಂದೇಹವಿದ್ದರೆ ಪರೀಕ್ಷೆ ನಿಲ್ಲಿಸಿ ವೈದ್ಯರಿಗೆ ತಿಳಿಸುವುದು ಟೆಕ್ನಾಲಜಿಸ್ಟರ ಕೆಲಸ. ಗರ್ಭಿಣಿಯಾಗಿದ್ದರೆ ತಿಳಿಸಿ ಎಂಬ ಫಲಕವನ್ನು ಬಾಗಿಲಿಗೆ ಹಾಕಿದ ಮಾತ್ರಕ್ಕೆ ಈ ಹೊಣೆ ತೀರಿತು ಎಂದುಕೊಳ್ಳುವ ಕೇಂದ್ರಗಳು ಬೇಕಾದಷ್ಟಿವೆ.

ಭೌತಶಾಸ್ತ್ರ ಯಾಕೆ ಓದಬೇಕು ಎಂಬ ಪ್ರಶ್ನೆಗೂ ಉತ್ತರ ಎಕ್ಸ್‌ರೇ ಕೊಠಡಿಯಲ್ಲೇ ಇದೆ. ಎಕ್ಸ್‌ರೇ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಗುರಿಗೆ ಬಡಿದಾಗ ಅವುಗಳ ಶಕ್ತಿಯಲ್ಲಿ ಶೇ. 99ರಷ್ಟು ಶಾಖವಾಗುತ್ತದೆ, ಶೇ. 1ರಷ್ಟು ಮಾತ್ರ ಎಕ್ಸ್‌ರೇ ಆಗುತ್ತದೆ. ಕಿಲೊವೋಲ್ಟ್ ಹೆಚ್ಚಿಸಿದರೆ ಕಿರಣ ಹೆಚ್ಚು ಆಳಕ್ಕೆ ಹೋಗುತ್ತದೆ, ಚಿತ್ರದ ಕಪ್ಪು ಬಿಳುಪಿನ ಅಂತರ ಕಡಿಮೆಯಾಗುತ್ತದೆ. ಎಂ.ಎ.ಎಸ್., ಎಂದರೆ ಕರೆಂಟ್ ಮತ್ತು ಸಮಯದ ಗುಣಲಬ್ಧ, ಹೆಚ್ಚಿಸಿದರೆ ಕಿರಣದ ಪ್ರಮಾಣ ಹೆಚ್ಚುತ್ತದೆ, ಜೊತೆಗೆ ರೋಗಿಗೆ ತಗಲುವ ವಿಕಿರಣವೂ. ಅಳುವ ಮಗುವಿಗೆ ಕರೆಂಟ್ ಹೆಚ್ಚಿಸಿ ಸಮಯ ಇಳಿಸಬೇಕು. ಪ್ಲಾಸ್ಟರ್ ಕಟ್ಟಿದ ಕೈಗೆ ಹೆಚ್ಚು ಬೇಕು. ದಮ್ಮಿನಿಂದ ಶ್ವಾಸಕೋಶ ಉಬ್ಬಿದವರಿಗೆ ಕಡಿಮೆ ಸಾಕು. ಗೋಡೆಗೆ ಅಂಟಿಸಿದ ಚಾರ್ಟ್ ಸರಾಸರಿ ರೋಗಿಗೆ ಬರೆದದ್ದು. ಸರಾಸರಿ ರೋಗಿ ಎಂಬುವರು ಚೀಟಿ ಹಿಡಿದು ಸರದಿಯಲ್ಲಿ ನಿಂತದ್ದನ್ನು ಯಾರೂ ಕಂಡಿಲ್ಲ.

ಈ ಜ್ಞಾನಕ್ಕೆ ಬೆಲೆ ತೆತ್ತವರ ಚರಿತ್ರೆಯೂ ಇದೆ. ರಾಂಟ್‌ಜನ್ ಜರ್ಮನಿಯ ವ್ಯುರ್ಟ್ಸ್‌ಬರ್ಗಿನಲ್ಲಿ 1895ರ ನವೆಂಬರ್ 8ರಂದು ಎಕ್ಸ್‌ರೇ ಕಂಡುಹಿಡಿದ ಮೇಲೆ, ಮೊದಲ ದಶಕಗಳಲ್ಲಿ ಈ ಯಂತ್ರಗಳನ್ನು ನಡೆಸಿದವರು ಫೋಟೊಗ್ರಾಫರುಗಳು, ವಿದ್ಯುತ್ ಕೆಲಸದವರು, ನರ್ಸುಗಳು. ಟ್ಯೂಬು ಸರಿಯಾಗಿದೆಯೇ ಎಂದು ತಮ್ಮ ಕೈಯನ್ನೇ ಕಿರಣಕ್ಕೆ ಹಿಡಿದು ನೋಡುತ್ತಿದ್ದರು. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡಾಲಿಯ ಕೈಗಳನ್ನು ಕತ್ತರಿಸಬೇಕಾಯಿತು, 1904ರಲ್ಲಿ ಆತ ತೀರಿಕೊಂಡ. ಎಡಿಸನ್ ಆ ಪ್ರಯೋಗಗಳನ್ನೇ ಕೈಬಿಟ್ಟ. ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ 1936ರಲ್ಲಿ ಇಂಥವರಿಗಾಗಿ ಸ್ಮಾರಕ ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು, ಮುಂದೆ ಇನ್ನಷ್ಟು ಸೇರಿದವು. ಬ್ರಿಟನ್ನಿನಲ್ಲಿ ರೇಡಿಯಾಗ್ರಾಫರುಗಳ ಸಂಘ 1920ರಲ್ಲಿ, ಅಮೆರಿಕದಲ್ಲಿ ಪರೀಕ್ಷೆ ನಡೆಸಿ ನೋಂದಣಿ ಮಾಡುವ ಸಂಸ್ಥೆ 1922ರಲ್ಲಿ ಹುಟ್ಟಿದವು. ಮದರಾಸಿನಲ್ಲಿ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ ಆರಂಭವಾದದ್ದು 1934ರಲ್ಲಿ. ನೋಡಿ ಕಲಿಯುವುದೇ ಸಾಕೆಂಬ ಪದ್ಧತಿಯನ್ನು ಬ್ರಿಟನ್, ಅಮೆರಿಕಗಳು ನೂರು ವರ್ಷದ ಹಿಂದೆಯೇ ಪ್ರಯೋಗಿಸಿ ನೋಡಿ ಬಿಟ್ಟವು. ನಮ್ಮಲ್ಲಿ ಅದನ್ನು ಹೊಸ ವ್ಯವಹಾರ ಜ್ಞಾನವೆಂಬಂತೆ ಹೇಳಲಾಗುತ್ತಿದೆ.

ಡಿಜಿಟಲ್ ವಾದವೇ ಎಲ್ಲಕ್ಕಿಂತ ಜನಪ್ರಿಯ. ಫಿಲ್ಮಿನ ಕಾಲದಲ್ಲಿ ತಪ್ಪು ಕಣ್ಣಿಗೆ ರಾಚುತ್ತಿತ್ತು. ಎಕ್ಸ್‌ಪೋಷರ್ ಹೆಚ್ಚಾದರೆ ಡಾರ್ಕ್‌ರೂಮಿನಿಂದ ಬರುವ ಫಿಲ್ಮ್ ಕಪ್ಪಾಗಿರುತ್ತಿತ್ತು, ಕಡಿಮೆಯಾದರೆ ಬಿಳಿಚಿಕೊಂಡಿರುತ್ತಿತ್ತು. ವೈದ್ಯರು ಬೈಯುತ್ತಿದ್ದರು, ಫಿಲ್ಮಿನ ಖರ್ಚು ಲೆಕ್ಕಕ್ಕೆ ಬರುತ್ತಿತ್ತು, ಟೆಕ್ನಿಷಿಯನ್ ಮಾರನೆಯ ದಿನ ತಿದ್ದಿಕೊಳ್ಳುತ್ತಿದ್ದ. ಡಿಜಿಟಲ್ ಯಂತ್ರದಲ್ಲಿ ಈ ಶಿಕ್ಷೆಯಿಲ್ಲ. ಬೇಕಾದ್ದಕ್ಕಿಂತ ಎರಡು ಪಟ್ಟು ವಿಕಿರಣ ಕೊಟ್ಟರೂ ಸಾಫ್ಟ್‌ವೇರ್ ಚಿತ್ರವನ್ನು ಸಮ ಮಾಡಿ ಸೊಗಸಾಗಿ ತೋರಿಸುತ್ತದೆ. ಇನ್ನೂ ಹೇಳಬೇಕೆಂದರೆ, ಹೆಚ್ಚು ಕೊಟ್ಟ ಚಿತ್ರವೇ ಹೆಚ್ಚು ನುಣುಪಾಗಿರುತ್ತದೆ. ಕಡಿಮೆ ಕೊಟ್ಟದ್ದು ಮರಳು ಚೆಲ್ಲಿದಂತೆ ಕಾಣುತ್ತದೆ, ದೂರು ಬರುವುದು ಅದಕ್ಕೆ ಮಾತ್ರ. ಆದ್ದರಿಂದ ದೂರು ತಪ್ಪಿಸಲು ಪ್ರಮಾಣ ವರ್ಷದಿಂದ ವರ್ಷಕ್ಕೆ ಮೆಲ್ಲನೆ ಏರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಈ ಏರಿಕೆಯನ್ನು ರೇಡಿಯಾಲಜಿ ಬಲ್ಲವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅದನ್ನು ಹಿಡಿಯಲೆಂದೇ ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 2008ರಲ್ಲಿ ಎಲ್ಲ ಕಂಪನಿಗಳ ಯಂತ್ರಗಳಿಗೂ ಒಂದೇ ಅಳತೆ ಗೊತ್ತುಮಾಡಿತು. ಪ್ರತಿ ಚಿತ್ರದ ಜೊತೆ ಒಂದು ಅಂಕಿ ಬರುತ್ತದೆ: ಸೊನ್ನೆ ಇದ್ದರೆ ಗುರಿಯಿಟ್ಟಷ್ಟೇ, ಕೂಡು ಮೂರು ಇದ್ದರೆ ಎರಡರಷ್ಟು, ಕಳೆ ಮೂರು ಇದ್ದರೆ ಅರ್ಧ. ಆ ಅಂಕಿ ಪರದೆಯ ಮೂಲೆಯಲ್ಲಿ ಇರುತ್ತದೆ. ನೋಡಿ ಕಲಿತವನಿಗೆ ಅದು ಏನೆಂದು ಹೇಳಿಕೊಟ್ಟವರಿಲ್ಲ.

ಚಿತ್ರ ಕತ್ತರಿಸುವುದು ಇದೇ ಜಾತಿಯ ಇನ್ನೊಂದು ಮರೆ. ಮಗುವಿನ ಎದೆಯ ಎಕ್ಸ್‌ರೇಗೆ ಕಿರಣವನ್ನು ಎದೆಯಷ್ಟಕ್ಕೇ ಕುಗ್ಗಿಸಬೇಕು. ಕೈ ಪಳಗದವರು ಕಿರಣದ ವ್ಯಾಪ್ತಿ ತೋರಿಸುವ ಬೆಳಕಿನ ಚೌಕವನ್ನು ತಲೆಯಿಂದ ತೊಡೆಯವರೆಗೆ ತೆರೆದಿಟ್ಟು ತೆಗೆದು, ಆಮೇಲೆ ಪರದೆಯಲ್ಲಿ ಅಂಚುಗಳನ್ನು ಕತ್ತರಿಸುತ್ತಾರೆ. ವೈದ್ಯರ ಕೈಗೆ ಹೋಗುವುದು ಒಪ್ಪವಾದ ಎದೆಯ ಚಿತ್ರ. ಹೊಟ್ಟೆ, ಕಣ್ಣು, ಜನನಾಂಗಗಳಿಗೆ ತಗಲಿದ ವಿಕಿರಣದ ಗುರುತು ಆ ಚಿತ್ರದಲ್ಲಿ ಇರುವುದಿಲ್ಲ. ಎಡಬಲದ ವಿಷಯದಲ್ಲೂ ಹೀಗೆಯೇ. ಮೊದಲು ಸೀಸದ ಅಕ್ಷರವನ್ನು ಪ್ಲೇಟಿನ ಮೇಲೆ ಇಟ್ಟು ತೆಗೆಯಬೇಕಿತ್ತು. ಈಗ ಚಿತ್ರ ಬಂದ ಮೇಲೆ ಮೌಸ್ ಹಿಡಿದು ಎಡ ಬಲ ಬರೆಯಬಹುದು, ಚಿತ್ರವನ್ನೇ ಮಗುಚಬಹುದು. ಎದೆಯ ತಪ್ಪು ಕಡೆಗೆ ನಳಿಕೆ ಹಾಕುವ ಅಪಾಯ ಇಲ್ಲಿಂದ ಶುರುವಾಗುತ್ತದೆ.

ಯಂತ್ರವೇ ಲೆಕ್ಕ ಹಾಕುತ್ತದೆ ಎಂಬ ಮಾತನ್ನೂ ಪರಿಶೀಲಿಸಬೇಕು. ಸ್ವಯಂಚಾಲಿತ ಎಕ್ಸ್‌ಪೋಷರ್ ವ್ಯವಸ್ಥೆಯಲ್ಲಿ ರೋಗಿಯ ಹಿಂದೆ ಸಣ್ಣ ಅಳತೆಯ ಕೋಶಗಳಿರುತ್ತವೆ. ಸಾಕಷ್ಟು ಕಿರಣ ದಾಟಿ ಬಂತೆಂದು ಅವು ಎಣಿಸಿದ ಕೂಡಲೇ ಯಂತ್ರ ನಿಲ್ಲುತ್ತದೆ. ಸೊಂಟಕ್ಕೆ ಲೋಹದ ಕೀಲು ಹಾಕಿಸಿಕೊಂಡವರ ಎಕ್ಸ್‌ರೇಯಲ್ಲಿ ಆ ಲೋಹ ಕೋಶದ ಮೇಲೆ ಬಂದರೆ ಕಿರಣ ದಾಟುವುದೇ ಇಲ್ಲ, ಯಂತ್ರ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾಯುತ್ತದೆ, ರೋಗಿಗೆ ಹೆಚ್ಚು ವಿಕಿರಣ ತಗಲುತ್ತದೆ. ಸಿ.ಟಿ. ಯಂತ್ರ ಮೈಯ ದಪ್ಪ ನೋಡಿ ತಾನೇ ಕರೆಂಟ್ ಏರಿಳಿಸುತ್ತದೆ. ಆದರೆ ರೋಗಿಯನ್ನು ಸುತ್ತಿನ ನಟ್ಟನಡುವೆ ಮಲಗಿಸದೆ ಟ್ಯೂಬಿನ ಹತ್ತಿರಕ್ಕೆ ಎತ್ತಿದ್ದರೆ ಮೊದಲ ನೋಟದ ಚಿತ್ರದಲ್ಲಿ ಮೈ ದಪ್ಪವಾಗಿ ಕಾಣುತ್ತದೆ, ಯಂತ್ರ ಅದನ್ನು ನಂಬಿ ಹೆಚ್ಚು ಕೊಡುತ್ತದೆ.

ಇದಕ್ಕೆ ಸಾಕ್ಷಿಯಾಗಿ ಲಾಸ್ ಏಂಜಲೀಸಿನ ಹೆಸರಾಂತ ಆಸ್ಪತ್ರೆಯೊಂದರ ಪ್ರಕರಣವಿದೆ. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಎಚ್ಚರಿಕೆಯೊಂದನ್ನು ಹೊರಡಿಸಿತು. ಪಾರ್ಶ್ವವಾಯುವಿನ ಶಂಕೆಯಿಂದ ಬಂದ ರೋಗಿಗಳ ಮಿದುಳಿನ ರಕ್ತಚಲನೆ ನೋಡುವ ಸಿ.ಟಿ. ಪರೀಕ್ಷೆಯಲ್ಲಿ, 18 ತಿಂಗಳ ಅವಧಿಯಲ್ಲಿ 206 ಜನರಿಗೆ ನಿರೀಕ್ಷೆಗಿಂತ ಸುಮಾರು 8 ಪಟ್ಟು ವಿಕಿರಣ ತಗಲಿತ್ತು, 0.5 ಗ್ರೇ ಇರಬೇಕಾದಲ್ಲಿ 3ರಿಂದ 4 ಗ್ರೇ. ಯಂತ್ರದ ಸೆಟ್ಟಿಂಗ್ ಬದಲಾಯಿಸಿದಾಗ ಆದ ತಪ್ಪು ತಿಳಿವಳಿಕೆ ಇದರ ಮೂಲ. ಕೆಲವರಿಗೆ ಚರ್ಮ ಕೆಂಪಾಯಿತು, ಕೂದಲು ಉದುರಿತು, ಆಮೇಲೆ ವಿಷಯ ಹೊರಬಿತ್ತು. ಹದಿನೆಂಟು ತಿಂಗಳೂ ಚಿತ್ರಗಳು ಚೆನ್ನಾಗಿಯೇ ಬರುತ್ತಿದ್ದವು. ಪ್ರತಿ ಪರೀಕ್ಷೆಯ ಡೋಸ್ ಕನ್ಸೋಲಿನ ಪರದೆಯಲ್ಲಿ ಕಾಣುತ್ತಿತ್ತು. ಅಂಕಿ ಮಿತಿಯ ಹೊರಗೆ ಹೋಗಿದೆ ಎಂದು ನಿಲ್ಲಿಸಿ ಕೇಳುವ ಅಭ್ಯಾಸವೊಂದೇ ಅಲ್ಲಿ ಇರಲಿಲ್ಲ. ಸೌಕರ್ಯಗಳೆಲ್ಲ ಇದ್ದ ಆಸ್ಪತ್ರೆಯಲ್ಲೇ ಹೀಗಾದ ಮೇಲೆ, ಆರು ತಿಂಗಳ ಸರ್ಟಿಫಿಕೇಟಿನ ಕೈಗೆ ಸಿ.ಟಿ. ಕೊಟ್ಟು ಯಂತ್ರ ಜಾಣವಾಗಿದೆ ಎಂದು ಸುಮ್ಮನಿರುವುದು ಹೇಗೆ?

ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ಇನ್ನೊಂದು ತಪ್ಪು ಕಲ್ಪನೆಯನ್ನು ಬೇಗ ಮುಗಿಸಬಹುದು. ಅದರ ಅಯಸ್ಕಾಂತ ರಾತ್ರಿಯೂ ಆರುವುದಿಲ್ಲ. 2018ರ ಜನವರಿಯಲ್ಲಿ ಮುಂಬೈಯ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಆ ಕೊಠಡಿಗೆ ಹೋಗಿ ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಬಾಗಿಲಲ್ಲಿ ನಿಂತು ಯಾರನ್ನು, ಯಾವುದನ್ನು ಒಳಗೆ ಬಿಡಬಾರದು ಎಂದು ತಿಳಿದಿರುವುದೇ ಈ ತರಬೇತಿಯ ಮೊದಲ ಪಾಠ. ಇನ್ನು ಸಿ.ಟಿ.ಗೆ ಕೊಡುವ ಅಯೋಡಿನ್ ಕಾಂಟ್ರಾಸ್ಟ್ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ, ಸೂಜಿ ಜಾರಿದರೆ ಕೈ ಊದಿಸುತ್ತದೆ. ಆಗ ಪಕ್ಕದಲ್ಲಿರುವವರು ಬಹಳ ಸಲ ಟೆಕ್ನಾಲಜಿಸ್ಟ್ ಒಬ್ಬರೇ.

ಓದುವವರು ವೈದ್ಯರಲ್ಲವೇ ಎಂಬ ವಾದಕ್ಕೆ ಉತ್ತರ ಮೇಲಿನ ಉದಾಹರಣೆಗಳಲ್ಲೇ ಅರ್ಧ ಬಂದಿದೆ. ವೈದ್ಯರು ಚಿತ್ರದಲ್ಲಿ ಇರುವುದನ್ನು ಓದಬಲ್ಲರು. ಬಾರದೇ ಹೋದ ಏಳನೆಯ ಮೂಳೆಯನ್ನು, ಮೇಲೇರಲು ಸಮಯ ಸಿಗದ ಗಾಳಿಯನ್ನು ಓದಲಾರರು. ಅದಲ್ಲದೆ ಸಣ್ಣ ಊರುಗಳ ಬಹುಪಾಲು ಕೇಂದ್ರಗಳಲ್ಲಿ ರೇಡಿಯಾಲಜಿಸ್ಟ್ ಸ್ಥಳದಲ್ಲೇ ಇರುವುದಿಲ್ಲ. ಚಿತ್ರ ಬೆಂಗಳೂರಿಗೋ ಮತ್ತೆಲ್ಲಿಗೋ ಹೋಗಿ ವರದಿಯಾಗಿ ಬರುತ್ತದೆ. ರಾತ್ರಿ ಎರಡು ಗಂಟೆಗೆ ಎದೆಯೊಳಗೆ ಗಾಳಿ ತುಂಬಿ ಶ್ವಾಸಕೋಶ ಕುಸಿದಿರುವುದನ್ನು ಮೊದಲು ನೋಡುವ ಕಣ್ಣು ಟೆಕ್ನಾಲಜಿಸ್ಟರದ್ದು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 1980ರ ದಶಕದಲ್ಲೇ ರೇಡಿಯಾಗ್ರಾಫರುಗಳು ಅನುಮಾನ ಬಂದ ಫಿಲ್ಮಿನ ಮೇಲೆ ಕೆಂಪು ಚುಕ್ಕೆ ಅಂಟಿಸಿ ತುರ್ತು ವೈದ್ಯರ ಗಮನ ಸೆಳೆಯುವ ಪದ್ಧತಿ ಬಂತು. ಅದು ವರದಿಯಲ್ಲ, ವರದಿ ಬರೆಯುವ ಹಕ್ಕೂ ಅಲ್ಲ. ಆದರೂ ಚುಕ್ಕೆ ಎಲ್ಲಿ ಅಂಟಿಸಬೇಕೆಂದು ತಿಳಿಯಲು ಸಹಜ ಯಾವುದು, ಅಸಹಜ ಯಾವುದು ಎಂದು ವರ್ಷಗಟ್ಟಲೆ ನೋಡಿರಬೇಕು.

ನೋಡಿ ಮಾಡಿ ಕಲಿಯಬೇಕು ಎಂಬ ವಾದದಲ್ಲಿ ಸತ್ಯವಿದೆ. ಪುಸ್ತಕ ಓದಿ ಯಾರೂ ಎಕ್ಸ್‌ರೇ ತೆಗೆಯಲು ಕಲಿಯಲಿಲ್ಲ. ಇಂಟರ್ನ್‌ಶಿಪ್ ಇರುವುದೇ ಅದಕ್ಕೆ. ಪ್ರಶ್ನೆ ಇರುವುದು ಯಾರನ್ನು ನೋಡಿ ಕಲಿಯುವುದು ಎಂಬಲ್ಲಿ. ನರ್ಸಿಂಗ್ ಹೋಮಿನ ಹುಡುಗ ನೋಡುವುದು ತನ್ನಂತೆಯೇ ನೋಡಿ ಕಲಿತ ಇನ್ನೊಬ್ಬನನ್ನು. ಮೈಗೆ ತಗಲಿದ ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜನ್ನು ಏಪ್ರನ್ ಜೊತೆ ಮೊಳೆಗೆ ತೂಗುಹಾಕುವುದು, ಅಲುಗಾಡುವ ಮಗುವನ್ನು ಲೆಡ್ ಏಪ್ರನ್ ಇಲ್ಲದೆ ತಾಯಿಯಿಂದ ಹಿಡಿಸುವುದು, ಬಾಗಿಲು ಅರೆತೆರೆದು ಎಕ್ಸ್‌ಪೋಷರ್ ಕೊಡುವುದು, ಎಲ್ಲರಿಗೂ ಒಂದೇ ಸೆಟ್ಟಿಂಗ್ ಇಡುವುದು, ಇವೆಲ್ಲ ಹೀಗೆ ಒಬ್ಬರಿಂದ ಒಬ್ಬರಿಗೆ ಬಂದ ಆಸ್ತಿ. ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಅಳತೆಗೆ ಹೋಗುತ್ತದೆ. ಮೊಳೆಗೆ ನೇತಾಡಿದ ಬ್ಯಾಡ್ಜ್ ಮೊಳೆಗೆ ತಗಲಿದ ವಿಕಿರಣವನ್ನು ಹೇಳುತ್ತದೆ. ಭಾರತದಲ್ಲಿ ವಿಕಿರಣ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿಯಿದೆ. ಬ್ಯಾಡ್ಜೇ ಸುಳ್ಳು ಹೇಳುವಲ್ಲಿ ಆ ಮಿತಿಗೆ ಅರ್ಥವಿಲ್ಲ.

ಇದೇ ಅಳತೆಗೋಲು ಕಾಲೇಜುಗಳಿಗೂ ಬೀಳಬೇಕು. ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಎರಡನೆಯ ಮಹಡಿಯಲ್ಲಿ ತರಗತಿ ನಡೆಸಿ, ತನ್ನದೊಂದು ಎಕ್ಸ್‌ರೇ ಯಂತ್ರವೂ ಇಲ್ಲದೆ ಡಿಪ್ಲೊಮಾ ಕಲಿಸುವ ಸಂಸ್ಥೆಗಳು ಒಳದಾರಿಗಿಂತ ಮೇಲೇನಲ್ಲ. ಒಳದಾರಿಯ ಹುಡುಗ ಕೊನೆಗೆ ಯಂತ್ರವನ್ನಾದರೂ ಮುಟ್ಟಿರುತ್ತಾನೆ. ಈ ಸಂಸ್ಥೆಗಳ ವಿದ್ಯಾರ್ಥಿಗಳನ್ನು ಆಸ್ಪತ್ರೆಗಳಿಗೆ ಪೋಸ್ಟಿಂಗ್ ಎಂದು ಕಳಿಸಿದಾಗ ಗಾಲಿಕುರ್ಚಿ ತಳ್ಳಿಸುತ್ತಾರೆ, ಚೀಟಿ ಬರೆಸುತ್ತಾರೆ. ಪದವಿಗೆ ಬೆಲೆ ಬರಲಿಲ್ಲವೆಂದು ದೂರುವ ಸಂಸ್ಥೆಗಳು ಆ ಬೆಲೆಯನ್ನು ಕಳೆದವರು ಯಾರೆಂದೂ ಹೇಳಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ, 2004ರ ವಿಕಿರಣ ಸಂರಕ್ಷಣಾ ನಿಯಮಗಳ ಅಡಿಯಲ್ಲಿ ಎಕ್ಸ್‌ರೇ ಕೇಂದ್ರಗಳಿಗೆ ಲೈಸೆನ್ಸ್ ಕೊಡುತ್ತದೆ. ವಿಜ್ಞಾನ ವಿಷಯಗಳೊಂದಿಗೆ 12ನೇ ತರಗತಿ ಮುಗಿಸಿ, ಪ್ರಾಯೋಗಿಕ ತರಬೇತಿ ಸೇರಿದ ಮಾನ್ಯ ಕೋರ್ಸು ಮಾಡಿದವರೇ ಟೆಕ್ನಾಲಜಿಸ್ಟ್ ಆಗಿರಬೇಕೆಂದು ಅದರ ಸಂಹಿತೆ ಹೇಳುತ್ತದೆ. ಸಂಸತ್ತು 2021ರಲ್ಲಿ ಒಪ್ಪಿದ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ರೇಡಿಯಾಲಜಿ ತಂತ್ರಜ್ಞರನ್ನೂ ಒಳಗೊಂಡಿದೆ. ಅದರ ಪ್ರಕಾರ ಇಂಥ ಅರ್ಹತೆಗೆ ಕನಿಷ್ಠ 2,000 ಗಂಟೆಗಳ ಓದು ಬೇಕು, ಅದು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು. ಆರು ತಿಂಗಳ ಸರ್ಟಿಫಿಕೇಟ್ ಈ ಲೆಕ್ಕಕ್ಕೆ ಎಲ್ಲಿಯೂ ಹೊಂದುವುದಿಲ್ಲ. ಆದರೆ ಕಾಯ್ದೆಯನ್ನು ಜಾರಿಗೆ ತರಲು ರಾಜ್ಯಗಳು ಎಷ್ಟು ಕಾಲ ತೆಗೆದುಕೊಂಡವೆಂದರೆ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂದು ಗಡುವು ಹಾಕಬೇಕಾಯಿತು.

ಜನ ಸಿಗುವುದಿಲ್ಲ ಎಂಬ ವಾದವನ್ನು ತಳ್ಳಿಹಾಕುವುದು ಅನ್ಯಾಯ. ಜಿಲ್ಲಾ ಕೇಂದ್ರದಿಂದ 60 ಕಿಲೋಮೀಟರ್ ಆಚೆ ಇರುವ ಊರಿನಲ್ಲಿ ಕೈ ಮುರಿದವರಿಗೆ ಎಕ್ಸ್‌ರೇ ಸಿಗುವುದೇ ದೊಡ್ಡ ವಿಷಯ. ಆದರೆ ಕಡಿಮೆ ಕಲಿತವರಿಂದ ಕೊರತೆ ತುಂಬುತ್ತದೆ ಎಂಬುದು ಲೆಕ್ಕದಲ್ಲಿ ನಿಲ್ಲುವುದಿಲ್ಲ. ಓದಲಾಗದ ಚಿತ್ರ ಹಿಡಿದ ರೋಗಿ ಅದೇ 60 ಕಿಲೋಮೀಟರ್ ಬಸ್ ಹತ್ತಿ ಹೋಗಿ ಮತ್ತೊಮ್ಮೆ ಎಕ್ಸ್‌ರೇ ತೆಗೆಸಿಕೊಳ್ಳುತ್ತಾನೆ. ದುಡ್ಡೂ ಎರಡು ಸಲ, ವಿಕಿರಣವೂ ಎರಡು ಸಲ. ಇದಕ್ಕೆ ಪ್ರಾಮಾಣಿಕವಾದ ಪರಿಹಾರ ಬೇರೆ ಇದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಸೀಮಿತ ಪರವಾನಗಿಯ ಎಕ್ಸ್‌ರೇ ನಿರ್ವಾಹಕರಿದ್ದಾರೆ. ಅವರು ಪರೀಕ್ಷೆ ಪಾಸಾಗಿ ಎದೆ, ಕೈಕಾಲುಗಳಂಥ ಗೊತ್ತಾದ ಭಾಗಗಳ ಎಕ್ಸ್‌ರೇ ಮಾತ್ರ ತೆಗೆಯಬಹುದು, ಸಿ.ಟಿ. ಮುಟ್ಟುವಂತಿಲ್ಲ. ಕೆಲಸದ ವ್ಯಾಪ್ತಿಯನ್ನು ಕುಗ್ಗಿಸಿ, ಆ ವ್ಯಾಪ್ತಿಯೊಳಗಿನ ಕಲಿಕೆಯನ್ನು ಪೂರ್ತಿ ಇಡುವುದು ಅದರ ಕ್ರಮ. ನಮ್ಮಲ್ಲಿ ಕಲಿಕೆಯನ್ನು ಕುಗ್ಗಿಸಿ ವ್ಯಾಪ್ತಿಯನ್ನು ಪೂರ್ತಿ ಬಿಟ್ಟಿದ್ದೇವೆ. ಬೆಳಿಗ್ಗೆ ಬೆರಳಿನ ಎಕ್ಸ್‌ರೇ ತೆಗೆದವನೇ ಮಧ್ಯಾಹ್ನ ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ನಡೆಸುತ್ತಾನೆ. ಸಂಬಳದ ಮಾತೂ ಇಲ್ಲಿ ಬರಬೇಕು. ಮೂರು ವರ್ಷ ಓದಿ ಬಂದವರಿಗೂ ಓದದೆ ಬಂದವನಿಗೂ ಒಂದೇ ಸಂಬಳ ಕೊಡುವ ಆಡಳಿತ ಮಂಡಳಿಗಳು ಜನ ಸಿಗುವುದಿಲ್ಲ ಎನ್ನುವಾಗ, ಅಗ್ಗದ ಜನ ಸಿಗುತ್ತಾರೆ ಎಂಬ ಅರ್ಥವೂ ಅದರಲ್ಲಿದೆ.

ಕೊನೆಯದು ಕೃತಕ ಬುದ್ಧಿಮತ್ತೆ. ಕ್ಷಯ ಪತ್ತೆಗಾಗಿ 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌ರೇಗಳನ್ನು ಕಂಪ್ಯೂಟರ್ ಓದುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. 2024ರ ಡಿಸೆಂಬರ್‌ನಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವಂಥ ಎಕ್ಸ್‌ರೇ ಯಂತ್ರಗಳು ಶಿಬಿರಗಳಿಗೆ ಹೋದವು. ಇದು ಒಳ್ಳೆಯ ಬೆಳವಣಿಗೆಯೇ. ಆದರೆ ಸಾಫ್ಟ್‌ವೇರ್ ಓದುವುದು ತನ್ನ ಮುಂದೆ ಬಂದ ಚಿತ್ರವನ್ನು. ಜಡೆ ಬಿದ್ದ ತುದಿಯನ್ನು, ಉಸಿರು ತುಂಬದ ಬುಡವನ್ನು, ತಿರುಗಿದ ಎದೆಯನ್ನು ಅದರ ಮುಂದಿಟ್ಟರೆ ಅದು ಅದಕ್ಕೇ ಅಂಕ ಕೊಡುತ್ತದೆ. ಅದಲ್ಲದೆ ಕೈಯಲ್ಲಿ ಹಿಡಿದ ಯಂತ್ರಕ್ಕೆ ಸೀಸದ ಗೋಡೆಯಿಲ್ಲ. ಶಾಲೆಯ ಕೊಠಡಿಯಲ್ಲೋ ಪಂಚಾಯಿತಿ ಜಗಲಿಯಲ್ಲೋ ಕಿರಣ ಯಾವ ಕಡೆ ಹೋಗುತ್ತದೆ, ಆ ಕಡೆ ಯಾರು ನಿಂತಿದ್ದಾರೆ, ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದೆಲ್ಲ ಯಂತ್ರ ಹಿಡಿದವರ ತಲೆಯಲ್ಲಿ ಇರಬೇಕು. ಆಸ್ಪತ್ರೆಯಲ್ಲಿ ಕಟ್ಟಡ ಮಾಡುತ್ತಿದ್ದ ಕಾವಲನ್ನು ಶಿಬಿರದಲ್ಲಿ ಮನುಷ್ಯ ಮಾಡಬೇಕು.

ಈ ವಿದ್ಯೆಗೆ ಸೇರಬಯಸುವ ವಿದ್ಯಾರ್ಥಿಗಳೂ ಅವರ ತಂದೆ ತಾಯಂದಿರೂ ಶುಲ್ಕ ಕಟ್ಟುವ ಮುನ್ನ ಕೆಲವು ಪ್ರಶ್ನೆ ಕೇಳಬೇಕು. ಕೋರ್ಸಿಗೆ ಯಾವ ಮಂಡಳಿಯ ಅಥವಾ ವಿಶ್ವವಿದ್ಯಾಲಯದ ಮಾನ್ಯತೆಯಿದೆ, ಕಲಿಯುವ ಯಂತ್ರಗಳು ಎಲ್ಲಿವೆ, ಅವುಗಳಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಇದೆಯೇ, ಪೋಸ್ಟಿಂಗಿನಲ್ಲಿ ಹೇಳಿಕೊಡುವವರು ಯಾರು, ವಿದ್ಯಾರ್ಥಿಗೆ ಸ್ವಂತದ ಟಿ.ಎಲ್.ಡಿ. ಬ್ಯಾಡ್ಜ್ ಕೊಡುತ್ತಾರೆಯೇ. ಹದಿನಾರರಿಂದ ಹದಿನೆಂಟು ವಯಸ್ಸಿನ ತರಬೇತಿ ವಿದ್ಯಾರ್ಥಿಗಳಿಗೆ ನಿಯಮದ ಮಿತಿ ವರ್ಷಕ್ಕೆ 6 ಮಿಲಿಸೀವರ್ಟ್ ಮಾತ್ರ, ಎಸ್.ಎಸ್.ಎಲ್.ಸಿ. ಮುಗಿಸಿ ಬಂದ ಮಗುವಿಗೆ ಅದು ಮೀರಿದೆಯೋ ಇಲ್ಲವೋ ಎಂದು ತಿಳಿಯಲು ಬ್ಯಾಡ್ಜಿನ ಹೊರತು ಬೇರೆ ದಾರಿಯಿಲ್ಲ. ಬ್ಯಾಡ್ಜ್ ಕೊಡದೆ ವಿದ್ಯಾರ್ಥಿಗಳನ್ನು ಎಕ್ಸ್‌ರೇ ಕೊಠಡಿಗೆ ಕಳಿಸುವ ಸಂಸ್ಥೆಗೆ ಯಾರೂ ಶುಲ್ಕ ಕಟ್ಟಬಾರದು.